ವ್ಯಾನ್ ನಂಬರ್ ಹದಿನೇಳರ ದನಿ

ಔಷಧಿ ಸಾಗಿಸುವ ಆ ಕಂಪನಿಯಲ್ಲಿ ವ್ಯಾನು ನಲವತ್ತು, ಬಾಯಿ ಒಂದೇ. ಆ ಬಾಯಿಯ ಒಡತಿಯನ್ನು ಚಾಲಕರು ಕಂಟ್ರೋಲಕ್ಕ ಅನ್ನುತ್ತಿದ್ದರು. ಗೋದಾಮಿನ ಮೇಲಂತಸ್ತಿನ ಪುಟ್ಟ ಕೋಣೆಯಲ್ಲಿ, ವೈರ್‌ಲೆಸ್ ಸೆಟ್ಟಿನ ಮುಂದೆ ಇಪ್ಪತ್ತಮೂರು ವರ್ಷ ಕೂತವಳು ಅವಳು. ಯಾವ ರಸ್ತೆ ಅಗೆದಿದ್ದಾರೆ, ಯಾವ ಆಸ್ಪತ್ರೆಯ ಹಿಂಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ಅಂಗಡಿಯವನಿಗೆ ಮೂಗಿನ ತುದಿಯಲ್ಲೇ ಕೋಪ, ಎಲ್ಲ ಅವಳಿಗೆ ಬಾಯಿಪಾಠ. ಚಾಲಕರಿಗೆ ವ್ಯಾನಿನ ನಂಬರೇ ಹೆಸರು.

"ಒಂಬತ್ತು, ಎಡಕ್ಕೆ ತಿರುಗಬೇಡ, ಪೈಪ್ ಒಡೆದಿದೆ." "ಮೂವತ್ತೊಂದು, ಊಟ ಮಾಡಿದ್ಯೋ ಇಲ್ವೋ? ದನಿ ಸೋತಿದೆಯಲ್ಲ?"

ಅವರಲ್ಲಿ ಹದಿನೇಳರದ್ದು ಬೇರೆಯೇ ರೀತಿ. ಹೆಂಡತಿ ತೀರಿಕೊಂಡ ಮೇಲೆ ಮಾತು ಕಮ್ಮಿಯಾಗಿದ್ದ ಮನುಷ್ಯ. ಗಲ್ಲಿ ಗಲ್ಲಿಯೂ ಅಂಗೈ ಗೆರೆಯಷ್ಟು ಪರಿಚಯ, ಆದರೂ ದಿನಕ್ಕೆ ಮೂರು ಸಲ ದಾರಿ ಕೇಳುತ್ತಿದ್ದ.

"ಕಂಟ್ರೋಲ್, ಹಳೇ ಸೇತುವೆಗೆ ಹೇಗೆ ಹೋಗಲಿ?"

"ನಿನ್ನೆ ಹೋದ ಹಾಗೇ ಹೋಗಿ."

"ನಿನ್ನೆ ಹೇಗೆ ಹೋದೆ ಅನ್ನೋದೇ ಮರೆತುಹೋಯ್ತು."

ಉಳಿದ ಮೂವತ್ತೊಂಬತ್ತು ಜನ ತಮ್ಮ ತಮ್ಮ ಸೆಟ್ಟಿನಲ್ಲಿ ಕೇಳಿಸಿಕೊಂಡು ಕೆಮ್ಮುತ್ತಿದ್ದರು. ಮದುವೆ ಗಿದುವೆ ಗೋಜಿಗೆ ಹೋಗದೆ ಅಕ್ಕನ ಮನೆಯಲ್ಲಿದ್ದವಳು ಅವಳು. ಎಲ್ಲರನ್ನೂ ನೀನು ಅನ್ನುವವಳು ಇವನೊಬ್ಬನನ್ನು ಮಾತ್ರ ನೀವು ಅನ್ನುತ್ತಿದ್ದಳು. ಯಾಕೆ ಅಂತ ತನ್ನನ್ನೇ ಕೇಳಿಕೊಂಡಿರಲಿಲ್ಲ. ಅಂಗಳದಲ್ಲಿ ಎದುರಾದರೆ ಮಾತ್ರ ಇಬ್ಬರ ಬಾಯಿಗೂ ಬೀಗ.

ಹಳೇ ಯಜಮಾನರು ಹಾಸಿಗೆ ಹಿಡಿದ ಮೇಲೆ ಮಗಳು ಅಧಿಕಾರ ವಹಿಸಿಕೊಂಡಳು. ಆ ವರ್ಷವೇ ಎರಡು ದೊಡ್ಡ ಆಸ್ಪತ್ರೆಗಳು ಕಂಪನಿಯ ಕೈಬಿಟ್ಟವು. ಔಷಧಿ ಎಲ್ಲಿದೆ, ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ಬೇರೆ ಕಂಪನಿಯವರು ಫೋನಿನಲ್ಲೇ ತೋರಿಸುತ್ತಿದ್ದರು. ಯಜಮಾನರ ಮಗಳು ಮೆಟ್ಟಿಲು ಹತ್ತಿ ಬಂದು ಸ್ಟೂಲ್ ಎಳೆದುಕೊಂಡು ಕೂತಳು.

"ಅಕ್ಕಾ, ಹೀಗೇ ಇದ್ರೆ ಎರಡು ವರ್ಷದಲ್ಲಿ ಶಟರ್ ಎಳೀಬೇಕು. ಯಾವ ವ್ಯಾನು ಎಲ್ಲಿದೆ ಅಂತ ತೋರಿಸೋ ಕಂಪ್ಯೂಟರ್ ಪರದೆ ತರಿಸ್ತೀನಿ. ಅದಕ್ಕೆ ದಾರಿ ಕಲಿಸೋರು ನೀವೇ. ನೀವಿಲ್ಲದೆ ಅದು ಕುರುಡು."

ಮಾತಿನಲ್ಲಿ ಬೆಣ್ಣೆಯಿರಲಿಲ್ಲ, ನಿಜವಿತ್ತು. ಕಂಟ್ರೋಲಕ್ಕ ಒಪ್ಪಿದಳು. ನಾಲ್ಕು ತಿಂಗಳು ಕಂಪ್ಯೂಟರಿನವರು ಪಕ್ಕದಲ್ಲಿ ಕೂತು ಅವಳು ಹೇಳಿದ್ದನ್ನೆಲ್ಲ ಒಳಗೆ ತುಂಬಿದರು. "ತಲೇನೇ ಕಂತಿನಲ್ಲಿ ಕೊಡ್ತಾ ಇದ್ದೀಯಲ್ಲೇ, ನಿನಗೂ ಒಂಚೂರು ಉಳಿಸ್ಕೋ," ಅಂತ ಮನೆಯಲ್ಲಿ ಅಕ್ಕ ನಗೆಯಾಡಿದಳು.

ವೈರ್‌ಲೆಸ್ ಬಂದ್ ಆಗುವ ಸಂಜೆ ಸೆಟ್ಟು ಗೊರಗುಟ್ಟಿತು.

"ಕಂಟ್ರೋಲ್."

"ಹೇಳಿ, ಹದಿನೇಳು."

"ದಾರಿ ಕೇಳೋಣ ಅಂತಿದ್ದೆ."

"ಎಲ್ಲಿಗೆ?"

"ಅದೇ ಗೊತ್ತಾಗ್ತಿಲ್ಲ."

ಆವತ್ತು ಯಾರೂ ಕೆಮ್ಮಲಿಲ್ಲ.

ಪರದೆ ಚೆನ್ನಾಗಿಯೇ ಕೆಲಸ ಮಾಡಿತು. ಬಿಟ್ಟುಹೋದ ಆಸ್ಪತ್ರೆಗಳು ವಾಪಸಾದವು. ಕಂಟ್ರೋಲಕ್ಕನಿಗೆ ಗಾಜಿನ ಗೋಡೆಯ ಕೋಣೆ ಸಿಕ್ಕಿತು, ಹೊಸಬರಿಗೆ ಪಾಠ ಹೇಳುವ ಹುದ್ದೆ ಸಿಕ್ಕಿತು. ಪರದೆಯ ಮೇಲೆ ವ್ಯಾನಿಗೊಂದರಂತೆ ಇದ್ದ ನಲವತ್ತು ಹಸಿರು ಚುಕ್ಕಿಗಳಲ್ಲಿ ಒಂದನ್ನು ಅವಳ ಕಣ್ಣು ತಾನಾಗಿ ಹುಡುಕುತ್ತಿತ್ತು. ಅದು ಸೇತುವೆ ದಾಟುವುದು ಕಾಣುತ್ತಿತ್ತು. ಅದಕ್ಕೆ ಶೀತವಾಗಿದೆಯೋ, ಬೇಸರವಾಗಿದೆಯೋ, ಏನೂ ತಿಳಿಯುತ್ತಿರಲಿಲ್ಲ.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಚುಕ್ಕಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೆಳಗಿಳಿದು ಗೇಟಿನವನನ್ನು ಕೇಳಿದಳು.

"ಕೆಲಸ ಬಿಟ್ರಲ್ಲ! ನಿನ್ನೆ ಕೀ ಕೊಡೋಕೆ ಬಂದೋರು ನಿಮ್ಮ ಗಾಜಿನಾಚೆ ಅರ್ಧ ಗಂಟೆ ನಿಂತಿದ್ರು. ಕರೀಲಾ ಅಂದೆ. ಬೇಡ, ಪಾಠ ಮಾಡ್ತಿದ್ದಾರೆ ಅಂದ್ರು."

ಆ ಅರ್ಧ ಗಂಟೆಯೂ ಅವಳು ಪರದೆಯತ್ತ ಮುಖ ಮಾಡಿ, ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದಳು. ಒಂದು ಸಲ ತಿರುಗಿದ್ದರೆ ಸಾಕಿತ್ತು.

ಆ ತಿಂಗಳು ಇನ್ನೂ ನಾಲ್ವರು ಬಿಟ್ಟರು. "ಸಂಬಳ ಏರಿಸಿದೆ, ರಜೆ ಜಾಸ್ತಿ ಮಾಡಿದೆ, ಇನ್ನೇನು ಬೇಕಂತೆ ಇವರಿಗೆ?" ಯಜಮಾನರ ಮಗಳು ತಲೆ ಮೇಲೆ ಕೈಹೊತ್ತು ಕೂತಳು.

"ಪರದೆ ದಾರಿ ತೋರಿಸುತ್ತಮ್ಮ," ಅಂದಳು ಕಂಟ್ರೋಲಕ್ಕ. "ಊಟ ಆಯ್ತಾ ಅಂತ ಕೇಳಲ್ಲ."

ಆ ಮಾತು ಯಜಮಾನರ ಮಗಳಿಗೆ ನಾಟಿತು. ಮುಂದಿನ ವಾರದಿಂದ ಪರದೆಯ ಮುಂದಿನವರು ದಿನಕ್ಕೊಮ್ಮೆ ಪ್ರತಿ ಚಾಲಕನಿಗೂ ಕರೆ ಮಾಡಬೇಕು, ಕೆಲಸದ ಮಾತು ಆಡಕೂಡದು ಅಂತಾಯಿತು. ಯಜಮಾನರ ಮಗಳೇ ಬೆಳಿಗ್ಗೆ ಅಂಗಳದಲ್ಲಿ ಚಾಲಕರ ಬೆಂಚಿನ ಮೇಲೆ ಕೂರತೊಡಗಿದಳು. ಮೊದಮೊದಲು ಎಲ್ಲರೂ ಮುದುಡಿ ನಿಂತರು. ಆಮೇಲೆ ಅವಳ ಎದುರೇ ಅವಳ ಬಗ್ಗೆ ಜೋಕು ಹೊಡೆಯುವಷ್ಟು ಸಲಿಗೆಯಾಯಿತು. ಕೆಲಸ ಬಿಡುವವರು ನಿಂತರು. ಬಿಟ್ಟು ಹೋದವರು ಮಾತ್ರ ಹೋದವರೇ.

ಒಂದು ಭಾನುವಾರ ಕಂಟ್ರೋಲಕ್ಕ ಹಳೇ ಫೈಲಿನಿಂದ ಬರೆದುಕೊಂಡ ಹದಿನೇಳರವನ ಫೋನ್ ನಂಬರು ಒತ್ತಿದಳು. ಗೊರಗೊರ ಸದ್ದಿಲ್ಲದ ಆ ದನಿ ಅಪರಿಚಿತನದ್ದೆನಿಸಿತು. ಅವನು ದೂರದ ಊರಿನಲ್ಲಿ, ಮಗಳ ಮನೆಯ ಹತ್ತಿರ, ಶಾಲೆಯ ಬಸ್ಸು ಓಡಿಸುತ್ತಿದ್ದ.

"ಬಂದು ನಿಂತಿದ್ರಂತೆ. ಬಾಗಿಲು ತಟ್ಟಬಹುದಿತ್ತು."

"ತಟ್ಟಿ ಏನು ಹೇಳಲಿ?"

ಅವಳು ಊಟ ಆಯ್ತಾ ಅಂತ ಕೇಳಿದಳು. ಅವನು ಮೊಮ್ಮಗಳಿಗೆ ಹಲ್ಲು ಬರುತ್ತಿರುವ ಸುದ್ದಿ ಹೇಳಿದ. ಅವಳು ಅಕ್ಕನ ಮಂಡಿನೋವಿನ ಕಥೆ ಹೇಳಿದಳು. ಫೋನ್ ಇಡುವ ಮುಂಚೆ ಅವನೇ ಕೇಳಿದ: "ಮುಂದಿನ ಭಾನುವಾರ ಮಾಡ್ತೀರಾ?"

ಮಾಡಿದಳು. ಈಗ ಎರಡು ವರ್ಷವಾಯಿತು, ಒಂದು ಭಾನುವಾರವೂ ತಪ್ಪಿಲ್ಲ. "ಒಂದ್ಸಲ ಬನ್ನಿ," ಅನ್ನುತ್ತಾನೆ ಅವನು. "ಬರಬೇಕು," ಅನ್ನುತ್ತಾಳೆ ಇವಳು. ಆ ಊರಿಗೆ ದಿನಕ್ಕೆ ಎರಡು ಬಸ್ಸಿವೆ, ಏಳೂವರೆಗೊಂದು, ಒಂದೂಕಾಲಿಗೊಂದು. ಎರಡು ಸಲ ನಿಲ್ದಾಣದವರೆಗೂ ಹೋಗಿ, ಬಸ್ಸು ಹೊರಟುಹೋಗುವುದನ್ನು ನೋಡಿ ಮನೆಗೆ ಬಂದಿದ್ದಾಳೆ. ಎಲ್ಲಿಗೆ ಹೋಗಿದ್ದೆ ಅಂತ ಅಕ್ಕ ಕೇಳಿಲ್ಲ. ಸೀರೆ ಚೆನ್ನಾಗಿದೆ ಅಂತಷ್ಟೇ ಅಂದಿದ್ದಾಳೆ.