ಅತ್ತೆಯ ಅಳತೆಯ ದಿಬ್ಬ

ಇಸ್ತ್ರಿ ಅತ್ತೆ ನನ್ನ ಅಪ್ಪನ ತಂಗಿ. ಬೆಳಗಿನಿಂದ ಸಂಜೆಯವರೆಗೆ ತನ್ನ ಅಂಗಡಿಯಲ್ಲಿ ನಿಂತೇ ಊರವರ ಬಟ್ಟೆಯ ಸುಕ್ಕು ಬಿಡಿಸುವವಳು. ಬಾಯಿ ಜೋರು, ಮಂಡಿ ವೀಕು. ಸಂಜೆ ಓಣಿಯ ಕೊನೆಯ ಬಯಲಿನಲ್ಲಿ ಹಳೆಯ ಮರದ ದಿಮ್ಮಿಗಳ ಮೇಲೆ ಎಲ್ಲರೊಂದಿಗೆ ಕೂತು ಹರಟುವುದೊಂದೇ ಅವಳಿಗಿದ್ದ ಸುಖ.

ಆ ಬಯಲಿನಲ್ಲಿ ಮಣ್ಣಿನ ಶಿಲ್ಪ ಮಾಡುತ್ತೇನೆಂದು ಶಿಲ್ಪಿಯೊಬ್ಬ ಬಂದಾಗ ಓಣಿ ಒಪ್ಪಲಿಲ್ಲ. ಅವನು ಅಂಗಿ ಇಸ್ತ್ರಿಗೆ ಕೊಡುವ ನೆಪದಲ್ಲಿ ಅತ್ತೆಯನ್ನು ಹಿಡಿದ.

"ಅಕ್ಕ, ಬಳೆ ಥರ ದುಂಡಗೆ ದಿಬ್ಬ ಎಬ್ಬಿಸ್ತೀನಿ. ಒಳಗಡೆ ಹುಲ್ಲಿನ ಮೆಟ್ಟಿಲು. ಓಣಿಯವರೆಲ್ಲ ಎದುರುಬದುರು ಕೂತ್ಕೋಬಹುದು."

ಅಕ್ಕ ಎಂದರೆ ಸಾಕು, ಅತ್ತೆ ಕರಗಿ ನೀರಾಗುತ್ತಾಳೆ. "ನನ್ನ ಮಾತು ನಂಬಿ, ನಮ್ಮ ಜಾಗ ಎಲ್ಲೂ ಹೋಗಲ್ಲ" ಎಂದು ಮನೆಮನೆಗೆ ಹೋಗಿ ಒಪ್ಪಿಸಿದಳು. ದಿಮ್ಮಿಗಳನ್ನು ತೆಗೆಸಿದವಳೂ ಅವಳೇ.

ಲಾರಿಗಳಲ್ಲಿ ಮಣ್ಣು ಬಂತು. ಮೆಟ್ಟಿಲಿನ ಎತ್ತರ ಗೊತ್ತು ಮಾಡಲು ಶಿಲ್ಪಿ ಅತ್ತೆಯನ್ನೇ ಹಸಿಮಣ್ಣಿನ ಮೇಲೆ ಕೂರಿಸಿ, ಏಳಿಸಿ ನೋಡಿದ. "ಇನ್ನೊಂಚೂರು ಎತ್ತರ ಮಾಡಪ್ಪ, ಏಳೋವಾಗ ಜೀವ ಹೋಗುತ್ತೆ" ಎಂದಳು. ಅವಳ ಮಂಡಿ ಒಪ್ಪಿದ ಎತ್ತರಕ್ಕೇ ಮೆಟ್ಟಿಲುಗಳನ್ನು ಕಡಿದರು. ಸೀರೆಯೆಲ್ಲ ಕೆಸರು ಮಾಡಿಕೊಂಡು ಮನೆಗೆ ಬಂದು, "ಇನ್ಮೇಲೆ ಇಡೀ ಓಣಿ ನನ್ನ ಅಳತೆಗೆ ಕೂರಬೇಕು, ನೋಡ್ತಿರು" ಎಂದು ನಕ್ಕಳು.

ಹುಲ್ಲು ಹಬ್ಬಿತು. ಉದ್ಘಾಟನೆಯ ದಿನ ಅತ್ತೆ ಅಂಗಡಿ ಮುಚ್ಚಿ ಓಣಿಯವರನ್ನೆಲ್ಲ ಕರೆದುಕೊಂಡು ಹೊರಟಳು. ನಾನೂ ಇದ್ದೆ. ದಿಬ್ಬದ ಸುತ್ತ ಹಗ್ಗ ಕಟ್ಟಿತ್ತು. ಕಾವಲುಗಾರ ಕೈ ಅಡ್ಡ ಹಿಡಿದ. ಅತ್ತೆ ಕೂಗಿದ ಮೇಲೆ ಶಿಲ್ಪಿ ಅತಿಥಿಗಳನ್ನು ಬಿಟ್ಟು ಬಂದ.

"ಕಾಲಿಟ್ರೆ ಆಕಾರ ಕೆಡುತ್ತೆ ಅಮ್ಮ. ಹೊರಗಿಂದ ನೋಡಿ, ಚೆನ್ನಾಗಿ ಕಾಣುತ್ತೆ." ಅಕ್ಕ ಆಗಲೇ ಯಾರೋ ಅಮ್ಮ ಆಗಿದ್ದಳು.

"ಮತ್ತೆ ನನ್ನ ಕೂರಿಸಿ ಕೂರಿಸಿ ಅಳತೆ ಯಾಕೆ ತಗೊಂಡೆ?"

"ಕೂತ್ಕೊಳ್ಳೋ ಜಾಗದ ಥರ ಕಾಣಬೇಕಿತ್ತು" ಎಂದ.

ನಂಬಿಸಿ ಕತ್ತು ಕೊಯ್ಯುವುದೆಂದರೆ ಇದೇ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅವತ್ತು ಅತ್ತೆ ಮಾತ್ರ ಹಗ್ಗ ಹಿಡಿದು ಆ ಮೆಟ್ಟಿಲುಗಳನ್ನೇ ನೋಡುತ್ತ ನಿಂತಿದ್ದಳು. ತಿರುಗಿ ನೋಡಿದರೆ ಓಣಿಯವರು ಹೊರಟುಹೋಗಿದ್ದರು.

ಈಗ ಅವರೆಲ್ಲ ಸಂಜೆ ಬಸ್ ಸ್ಟಾಪಿನ ಉದ್ದ ಬೆಂಚಿನ ಮೇಲೆ ಕೂರುತ್ತಾರೆ. ಮೊನ್ನೆ ಅತ್ತೆಯೂ ಹೋದಳು. ಯಾರೂ ಬೈಯಲಿಲ್ಲ, ಊಟ ಆಯ್ತಾ ಎಂದೂ ಕೇಳಿದರು. ಆದರೆ ಯಾರೂ ಸರಿದು ಜಾಗ ಕೊಡಲಿಲ್ಲ. ಅತ್ತೆ ಸ್ವಲ್ಪ ಹೊತ್ತು ನಿಂತೇ ಮಾತಾಡಿಸಿ ಮನೆಗೆ ಬಂದಳು.