ನೀರು ಚಿಮುಕಿಸಿದ ಬೀಜ

ಪಾವಗಡದ ಕಡೆ ಕಡಲೆಕಾಯಿ ಬಿತ್ತುವುದು, ಮಾರುವುದು ಗಂಡಸರ ಕೆಲಸ. ಸುಲಿಯುವುದು ಹೆಂಗಸರ ಪಾಲು. ಸುಲಿಯುವ ಕಡೆ ಗಂಡಸರು ಕಣ್ಣೆತ್ತಿಯೂ ನೋಡುವುದಿಲ್ಲ, ಮಹಾರಾಜರು! ಸಂಜೀವಯ್ಯನೂ ಹಾಗೆಯೇ ಬೆಳೆದವನು.

ಎಂಬತ್ತನೇ ಇಸವಿಯ ಸುಮಾರಿಗೆ ಅವನು ಮಧುಗಿರಿ ಹತ್ತಿರದ ಒಂದು ಬೀಜ ಸಂಶೋಧನಾ ಕೇಂದ್ರದಲ್ಲಿ ಹಂಗಾಮಿ ಅಟೆಂಡರ್. ಓದಿದ್ದು ಏಳನೇ ಕ್ಲಾಸು. ಆದರೂ ಬೀಜದ ಕೊಬ್ಬನ್ನು ಬೇರ್ಪಡಿಸಿ ಗಾಜಿನ ಫಲಕದ ಮೇಲೆ ಕಲೆಗಳಾಗಿ ಮೂಡಿಸುವುದರಲ್ಲಿ ಅವನದು ಎತ್ತಿದ ಕೈ. ವಿಜ್ಞಾನಿ ನಾಗಲಿಂಗಯ್ಯನವರು ಅವನಿಗೆ ಬಿಡಿಸಿ ಹೇಳಿದ್ದರು: ಜೀವಕೋಶದ ಪೊರೆಯಲ್ಲಿ ಕೊಬ್ಬಿದೆ, ಅದನ್ನು ಕತ್ತರಿಸುವ ಕಿಣ್ವ ಬೇರೆ ಕಡೆ ಸುಮ್ಮನೆ ಕೂತಿರುತ್ತದೆ. ಅವೆರಡೂ ಕೂಡಿದರೆ ಒಂದು ಆಮ್ಲ ಹುಟ್ಟುತ್ತದೆ. ಕಷ್ಟಕಾಲದಲ್ಲಿ ಗಿಡಕ್ಕೆ ಆ ಆಮ್ಲವೇ ಎಚ್ಚರಿಕೆಯ ಸಂಕೇತವಾಗಿರಬಹುದೆಂಬುದು ಅವರ ಊಹೆ.

ಸಂಜೀವಯ್ಯ ತನ್ನ ಮನೆಯಿಂದ ಸುಲಿಸಿ ತಂದುಕೊಡುತ್ತಿದ್ದ ಕಡಲೆಬೀಜದಲ್ಲಿ ಮೂರು ವರ್ಷವೂ ಆ ಆಮ್ಲ ಹೇರಳವಾಗಿತ್ತು. ಒಣಭೂಮಿ ತಾಳುವ ಗುಟ್ಟು ಸಿಕ್ಕಿತೆಂದು ನಾಗಲಿಂಗಯ್ಯನವರು ಪ್ರಬಂಧ ಬರೆದರು. ಅದು ಒಪ್ಪಿಗೆಯಾದರೆ ಯೋಜನೆ ಮುಂದುವರಿಯುತ್ತಿತ್ತು, ಸಂಜೀವಯ್ಯನ ಕೆಲಸವೂ ಕಾಯಂ ಆಗುತ್ತಿತ್ತು.

ಅಷ್ಟರಲ್ಲಿ ರಜೆಗೆಂದು ಊರಿಗೆ ಹೋದ. ಹೆಂಡತಿ ಕೊಲ್ಲಾಪುರಮ್ಮ ಕಾಯಿರಾಶಿಗೆ ನೀರು ಚಿಮುಕಿಸುತ್ತಿದ್ದಳು. ಅವನು ಒದ್ದೆ ಕಾಯೊಂದನ್ನು ಎತ್ತಿಕೊಂಡು ಕೇಳಿದ.

"ನಂಗೆ ಕೊಟ್ಟಿದ್ದೂ ಇಂಗೇ ಸುಲಿದಿದ್ದಾ?"

"ಇನ್ನೆಂಗೆ? ಒಣಗಿದ್ದು ಸುಲಿದ್ರೆ ಉಗುರು ಉಳೀತದಾ? ನೀರಾಕಿ, ಗೋಣಿ ಮುಚ್ಚಿ ಒಂದಿನ ಬುಟ್ಬುಡೋದು. ನಮ್ಮತ್ತೆ ಕಾಲದಿಂದ್ಲೂ ಇಂಗೇಯ."

ನೆಂದ ಬೀಜದಲ್ಲಿ ಕಿಣ್ವ ಎದ್ದು ಪೊರೆಯ ಕೊಬ್ಬನ್ನು ಕತ್ತರಿಸಿತ್ತು; ಆಮ್ಲ ಬಂದದ್ದು ಅದರಿಂದಲೇ. ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾವ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಮೂರನೇ ದಿನ ಒಣಕಾಯನ್ನು ತಾನೇ ಸುಲಿಯಲು ಕೂತ. ಉಗುರು ಕಿತ್ತು ರಕ್ತ ಬಂತು.

ಕೇಂದ್ರಕ್ಕೆ ಬಂದು ನಾಗಲಿಂಗಯ್ಯನವರ ಎದುರೇ ಆ ಬೀಜದ ಕೊಬ್ಬನ್ನು ಫಲಕದ ಮೇಲೆ ಮೂಡಿಸಿದ. ಆಮ್ಲ ಮೂಡಬೇಕಾದ ಜಾಗ ಹೆಚ್ಚುಕಮ್ಮಿ ಖಾಲಿ. ನಡೆದದ್ದನ್ನೆಲ್ಲ ಹೇಳಿದ.

"ಪ್ರಬಂಧ ನಾಳೆ ಟಪಾಲಿಗೆ ಹೋಗ್ಬೇಕಿತ್ತು, ಸಂಜೀವಯ್ಯ."

"ಗೊತ್ತು ಸಾರ್. ಅದ್ಕೇ ಇವತ್ತೇ ಬಂದೆ."

"ಯೋಜನೆ ನಿಂತ್ರೆ ನಿನ್ನ ಕೆಲ್ಸ?"

ಸಂಜೀವಯ್ಯ ಫಲಕವನ್ನು ಅವರ ಮುಂದಕ್ಕೆ ಸರಿಸಿದ.

ನಾಗಲಿಂಗಯ್ಯನವರು ಪ್ರಬಂಧವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. ಪ್ರಯೋಗದ ಪುಸ್ತಕ ತೆರೆದು ಅಂದಿನ ಫಲಿತಾಂಶ ಬರೆದರು. ಪ್ರಯೋಗ ಮಾಡಿದವರು ಎಂಬಲ್ಲಿ ಅಷ್ಟು ವರ್ಷವೂ ತಮ್ಮ ಹೆಸರನ್ನೇ ಬರೆಯುತ್ತಿದ್ದವರು ಅಂದು ಸಂಜೀವಯ್ಯನ ಹೆಸರು ಬರೆದರು. ಯೋಜನೆ ನಿಂತು, ಮಾರ್ಚಿ ತಿಂಗಳಲ್ಲಿ ಕೇಂದ್ರ ಅವನನ್ನು ಮನೆಗೆ ಕಳಿಸಿತು.