ಮಾವಿನ ಸಸಿಗಳ ನಡುವೆ ಮಲ್ಲಿಗೆ

ಮುಂಬೈ ಪಕ್ಕದ ಠಾಣೆಯ ನೌಪಾಡಾದಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಅಡುಗೆಮನೆ ಗಂಡನದು, ಗಲ್ಲಾ ನನ್ನದು. ಟಿಟ್ವಾಳಾದಾಚೆಯ ಹಳ್ಳಿಯಿಂದ ಹೆಂಗಸೊಬ್ಬಳು ವಾರಕ್ಕೆರಡು ಸಲ ಲೋಕಲ್ ರೈಲಿನಲ್ಲಿ ಮುತ್ತುಗದ ಎಲೆ, ಕಾಡುಸೊಪ್ಪು ತರುತ್ತಿದ್ದಳು. ನಾವೆಲ್ಲ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಹೋಟೆಲಿನವರು ಕರೆಯುವುದನ್ನು ಕೇಳಿ ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಮ್ಮಿಬ್ಬರ ಮಾತು ಅರ್ಧ ಮರಾಠಿ, ಅರ್ಧ ಹಿಂದಿ.

ದೀಪಾವಳಿ ಮುಗಿದರೆ ಅವಳ ಸುಳಿವೇ ಇರುತ್ತಿರಲಿಲ್ಲ. ಗಂಡ, ಮಗಳ ಜೊತೆ ಇಟ್ಟಿಗೆ ಭಟ್ಟಿಗೆ ಹೋದವಳು ಮಳೆ ಬಿದ್ದ ಮೇಲೆಯೇ ಮರಳುತ್ತಿದ್ದಳು, ಅಂಗೈ ಒಡೆದುಕೊಂಡು, ಅರ್ಧ ಇಳಿದುಹೋಗಿ.

ಒಂದು ಮಳೆಗಾಲದಲ್ಲಿ ಖುಷಿಯಿಂದ ಹೇಳಿದಳು: “ಅಕ್ಕಾ, ರಾಗಿ ಬಿತ್ತುವ ದಿಬ್ಬದ ಮೇಲೆ ಮಾವಿನ ಸಸಿ ನೆಟ್ಟಿದೀವಿ. ನಮ್ಮ ಹಳ್ಳಿಗೆ ಬರೋ ಸೇವಾಸಂಸ್ಥೆಯವರು ಕೊಟ್ಟರು.”

“ಅದು ಹಣ್ಣು ಬಿಡೋವರೆಗೆ ಹೊಟ್ಟೆಗೇನು ಮಾಡ್ತೀಯ?”

ಅವಳು ನಕ್ಕು ಎಲೆಯ ಕಟ್ಟು ಬಿಚ್ಚತೊಡಗಿದಳು. ಒಳಗಿನಿಂದ ನನ್ನ ಗಂಡನ ದನಿ ಬಂತು: “ಎಂಥ ಮಾರಾಯ್ತಿ, ಕರಿಬೇವು, ನುಗ್ಗೆ ನಾವು ದಿನಾ ಕಲ್ಯಾಣದ ಮಾರ್ಕೆಟ್ಟಿಂದ ತರುದಲ್ವಾ? ಅವಳೇ ಬೆಳೆಸ್ಲಿ, ನಾವು ತಗೊಳ್ಳುವ.”

ನನ್ನ ತವರು ಉಡುಪಿಯ ಹತ್ತಿರ. ಅಮ್ಮ ಮಲ್ಲಿಗೆ ಬೆಳೆಸುತ್ತಿದ್ದಳು. ಮಾವು ದೊಡ್ಡದಾಗುವವರೆಗೆ ನಡುವಿನ ಜಾಗಕ್ಕೆ ಬೇಕಾದಷ್ಟು ಬಿಸಿಲಿರುತ್ತದೆ, ಅಲ್ಲಿ ಮೊಗರಾ ಹಾಕು ಎಂದೆ; ಮಲ್ಲಿಗೆಗೆ ಇಲ್ಲಿಯವರು ಮೊಗರಾ ಎನ್ನುತ್ತಾರೆ. ಬಾಯಿಗೆ ಬಂದದ್ದನ್ನು ಹೇಳಿದ್ದು ಅಷ್ಟೆ. ಅವಳು ನಿಜವಾಗಿಯೂ ಹಾಕಿಬಿಟ್ಟಳು! ಬದುವಿನ ಮೇಲೆ ನುಗ್ಗೆ, ಕರಿಬೇವು. ಸಾಲುಗಳ ನಡುವೆ ಮೊಗರಾ. ಆ ವರ್ಷ ಅವಳ ಗಂಡ ಒಬ್ಬನೇ ಭಟ್ಟಿಗೆ ಹೋದ. ಇವಳು ಮಗಳೊಂದಿಗೆ ಉಳಿದು, ಬಾವಿಯಿಂದ ನೀರು ಹೊತ್ತು ಸಸಿಗಳನ್ನು ಬದುಕಿಸಿಕೊಂಡಳು.

ಮರುವರ್ಷದ ದೀಪಾವಳಿಗೆ ನುಗ್ಗೆ ಬಂತು, ಕರಿಬೇವೂ ಬಂತು. ಮೊಗರಾ ಮಾತ್ರ ಬರೀ ಎಲೆ. “ಕಿತ್ತು ಹಾಕೋಣ, ಇಬ್ಬರೂ ಭಟ್ಟಿಗೆ ಹೋಗೋಣ ಅಂತಾನೆ ನನ್ನ ಗಂಡ, ಅಕ್ಕಾ,” ಎಂದು ಮುಖ ಸಣ್ಣದು ಮಾಡಿಕೊಂಡಳು. ಭಾನುವಾರ ಗಲ್ಲಾ ಬಿಟ್ಟು ನಾನೇ ಟಿಟ್ವಾಳಾಕ್ಕೆ ಹೋದೆ. ಅಲ್ಲಿಂದ ಶೇರ್ ರಿಕ್ಷಾ, ಆಮೇಲೆ ಕಾಲುನಡಿಗೆ.

ಗಿಡಗಳು ನನ್ನ ಸೊಂಟದೆತ್ತರ ಪೊದೆಯಾಗಿದ್ದವು. ಒಮ್ಮೆಯೂ ಸವರಿರಲಿಲ್ಲ; ಸವರಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಮಲ್ಲಿಗೆ ಮೊಗ್ಗು ಕಟ್ಟುವುದು. ಸವರಬೇಕೆಂದು ನಾನೂ ಹೇಳಿರಲಿಲ್ಲ! ಕತ್ತಿ ಇಸಿದುಕೊಂಡು, ಸೀರೆ ಎತ್ತಿ ಕಟ್ಟಿ, ಮೊದಲ ಗಿಡವನ್ನು ಮೊಣಕಾಲಿಗಿಂತ ಕೆಳಗೆ ಕಡಿದೆ. “ಗೇಲಾ! ಹೋಯ್ತು!” ಎಂದು ಅವಳ ಗಂಡ ತಲೆಯ ಮೇಲೆ ಕೈಯಿಟ್ಟ.

“ಹೂ ಬರ್ದಿದ್ರೆ ನನ್ನ ಹೋಟೆಲಿನಲ್ಲಿ ಜೀವಮಾನ ಪೂರ್ತಿ ನಿನಗೆ ಪುಕ್ಕಟೆ ಊಟ,” ಎಂದೆ.

ಸಂಜೆಯೊಳಗೆ ಮೂವರೂ ಸೇರಿ ಎಲ್ಲವನ್ನೂ ಕಡಿದು, ಬುಡಕ್ಕೆ ಗೊಬ್ಬರ ಹಾಕಿದೆವು. ಮರಳುವಾಗ ಲೋಕಲ್‌ನಲ್ಲಿ ಕುಳಿತ ಮೇಲೆ ನನಗೆ ಹೆದರಿಕೆ ಹತ್ತಿತು. ಮಲ್ಲಿಗೆ ಸವರಿದ್ದು ಮದುವೆಗೆ ಮುಂಚೆ, ಅದೂ ಅಮ್ಮ ಪಕ್ಕದಲ್ಲಿ ನಿಂತು ತೋರಿಸುತ್ತಿದ್ದಾಗ. ಇಲ್ಲಿಯ ಮಣ್ಣು, ಚಳಿ ನನಗೇನು ಗೊತ್ತು? ಮಾವಶಿ ನನ್ನನ್ನು ನಂಬಿ ಉಳಿದಳು. ಅವಳ ಗಂಡ ಗೊಣಗುತ್ತಲೇ ಭಟ್ಟಿಯ ಟೆಂಪೊ ಹತ್ತಿದ. ಅವಳು ಬಂದಾಗಲೆಲ್ಲ ಕೇಳಲು ಧೈರ್ಯವಿಲ್ಲದೆ ನಾನು ನುಗ್ಗೆಕಾಯಿಯನ್ನೇ ನೋಡುತ್ತಿದ್ದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಹೋಟೆಲು ತುಂಬಿತ್ತು. ಮಾವಶಿ ಸಾಲು ಸರಿಸಿಕೊಂಡು ನೇರ ಗಲ್ಲಾದ ಬಳಿ ಬಂದು, ತೇಗದೆಲೆಯ ಪೊಟ್ಟಣ ಬಿಚ್ಚಿದಳು. ಬಿಗಿಯಾದ ಬಿಳಿ ಮೊಗ್ಗುಗಳು. ಇಡ್ಲಿ ತಿನ್ನುತ್ತಿದ್ದವರೆಲ್ಲ ತಲೆಯೆತ್ತಿದರು. ನನಗೆ ಅಳು ಬಂತು, ಅವಳಿಗೆ ನಗು.

“ಅವನಿಗೆ ಪುಕ್ಕಟೆ ಊಟ ಇಲ್ಲ ಹಾಗಾದ್ರೆ!” ಎಂದಳು.

ಆ ತಿಂಗಳೇ ಅವಳ ಗಂಡ ಮೊಗ್ಗು ಬಿಡಿಸಿ ಪೇಟೆಗೆ ಹಾಕಲು ಮರಳಿದ. ಮುಂದಿನ ದೀಪಾವಳಿಗೆ ಭಟ್ಟಿಗೆ ಆಳು ಕರೆದೊಯ್ಯಲು ಟೆಂಪೊ ತಂದ ಮುಕಾದಮನಿಗೆ ಚಹಾ ಕುಡಿಸಿ, ನುಗ್ಗೆಕಾಯಿ ಕೊಟ್ಟು ಕಳಿಸಿದರಂತೆ. ಮಗಳು ಮತ್ತೆಂದೂ ಭಟ್ಟಿಗೆಂದು ನಡುವೆ ಶಾಲೆ ಬಿಡಬೇಕಾಗಲಿಲ್ಲ.

ಈಗ ಮಾವಿನ ಮರಗಳೂ ಹಣ್ಣು ಕೊಡುತ್ತಿವೆ. ನೆರಳು ಬಿದ್ದ ಕಡೆ ಮೊಗರಾ ಸೊರಗುತ್ತಿದೆಯೆಂದು ಅಲ್ಲಿ ಅರಿಸಿನ ಹಾಕಿದ್ದಾಳೆ. ಆ ಉಪಾಯ ನನ್ನದಲ್ಲ, ಅವಳದೇ. ಪಕ್ಕದ ಹೊಲದವರೂ ಮಲ್ಲಿಗೆ ನೆಟ್ಟಿದ್ದಾರೆ. ಹೋದ ತಿಂಗಳು ಅವರ ಗಿಡ ಸವರಲು ನಾನು ಕತ್ತಿಗೆ ಕೈ ಚಾಚಿದರೆ, ಮಾವಶಿ ಕೊಡಲೇ ಇಲ್ಲ.

“ನೀನು ಬಾಳ ಕೆಳಗೆ ಕಡೀತೀ ಅಕ್ಕಾ. ಕೂತ್ಕೋ, ನಾನು ತೋರಿಸ್ತೀನಿ.”